ಲಿಂಕ್ ಕಳಿಸಿದರೆ ಪಾಠ ಆಗುವುದಿಲ್ಲ

"ಎಲ್ಲಾ ಯೂಟ್ಯೂಬಲ್ಲೇ ಉಂಟಲ್ಲ ಮಾರಾಯ್ರೆ, ಇನ್ನು ನಿಮ್ಮ ಆದಿತ್ಯವಾರದ ಕ್ಲಾಸು ಯಾರಿಗೆ?"

ಊರಿಗೆ ಹೋದಾಗಲೆಲ್ಲ ಈ ಮಾತು ನನಗೆ ತಪ್ಪಿದ್ದಲ್ಲ. ಮದುವೆ ಚಪ್ಪರದಲ್ಲಿ ಕೇಳಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ, ಕನ್ನಡದ ಉದ್ಧಾರಕ್ಕೆಂದೇ ಹಾಕಿದ ವೇದಿಕೆಯ ಮೇಲೂ ಕೇಳಿದ್ದೇನೆ. ಹೇಳುವವರದು ಕೆಟ್ಟ ಮನಸ್ಸಲ್ಲ. ಮಾತು ಮುಗಿಯುವುದರೊಳಗೆ ವಾಟ್ಸಾಪಿಗೆ ನಾಲ್ಕು ಲಿಂಕು ಬಂದು ಬಿದ್ದಿರುತ್ತವೆ. ಕಳಿಸಿದವರು ಅದನ್ನು ಪೂರ್ತಿ ನೋಡಿರುವುದಿಲ್ಲ ಎಂಬುದಕ್ಕೆ ನಾನು ಪಂಥ ಕಟ್ಟಲು ತಯಾರು.

ಉಂಟು, ನಿಜ. ಔಷಧದ ಅಂಗಡಿಯಲ್ಲೂ ಎಲ್ಲ ಮದ್ದು ಉಂಟು. ಹಾಗೆಂದು ಕಪಾಟಿನ ಬೀಗದ ಕೈಯನ್ನು ರೋಗಿಗೆ ಕೊಟ್ಟು ಡಾಕ್ಟರು ಮನೆಗೆ ಹೋಗುತ್ತಾರೆಯೇ? ಕನ್ನಡ ಕಲಿಸುವ ವಿಡಿಯೋಗಳಿಗೆ ಇವತ್ತು ಬರಗಾಲವಿಲ್ಲ. ಕೂತು ನೋಡಿ, ಬೇಡದ್ದನ್ನು ಬಿಟ್ಟು, ಬೇಕಾದದ್ದನ್ನು ಯಾವ ಮಗುವಿಗೆ ಯಾವಾಗ ಕೊಡಬೇಕೆಂದು ಸಾಲು ಹಚ್ಚುವ ಜನರಿಗೆ ಬರಗಾಲ. ಆ ಕೆಲಸವನ್ನು ಕೆಲಸವೆಂದೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೇ ನನ್ನ ತಕರಾರು.

ನಾನು ಡೊಂಬಿವಲಿಯಲ್ಲಿರುವವಳು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಮ್ಮ ಸೊಸೈಟಿಯ ಆಫೀಸು ಕೋಣೆಯಲ್ಲಿ ಆದಿತ್ಯವಾರ ಬೆಳಿಗ್ಗೆ ಎರಡು ತಾಸು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಈಗ 23 ಮಕ್ಕಳಿದ್ದಾರೆ, ಅವರಲ್ಲಿ ಎರಡು ಜಾತಿ. ಒಂದು, ಫ್ಲ್ಯಾಟಿನ ಮಕ್ಕಳು. ಅಜ್ಜ ಅಜ್ಜಿ ಕುಂದಾಪುರ, ಪುತ್ತೂರು ಕಡೆಯವರು, ಮನೆಯಲ್ಲಿ ತುಳುವೋ ಕುಂದಗನ್ನಡವೋ, ಶಾಲೆಯಲ್ಲಿ ಇಂಗ್ಲಿಷು. ಅಜ್ಜಿ ಹೇಳಿದ್ದು ಇವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಇನ್ನೊಂದು, ನಮ್ಮ ಹಿಂದಿನ ರಸ್ತೆಯಲ್ಲಿ ಏಳುತ್ತಿರುವ ಟವರಿನ ಕೆಲಸಗಾರರ ಮಕ್ಕಳು. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು. ಇವರ ಬಾಯಲ್ಲಿ ಕನ್ನಡ ನೀರು ಹರಿದ ಹಾಗೆ ಹರಿಯುತ್ತದೆ. ಆದರೆ ಹೋಗುವುದು ಮರಾಠಿ ಶಾಲೆಗೆ, ಕನ್ನಡದ ಒಂದಕ್ಷರ ಗುರುತಿಲ್ಲ.

ಈ ಎರಡನೆಯವರ ವಿಷಯವನ್ನು ಊರಿನ ಓದುಗರು ಸ್ವಲ್ಪ ನಿಧಾನವಾಗಿ ಕೇಳಬೇಕು. ಟವರಿನ ಕೆಲಸ ಮುಗಿದ ಮೇಲೆ ಇವರು ಇಲ್ಲಿ ಉಳಿಯುವುದಿಲ್ಲ. ಕೆಲವರು ಪುಣೆಗೆ ಹೋಗುತ್ತಾರೆ, ಕೆಲವರು ಊರಿಗೆ ಮರಳುತ್ತಾರೆ. ಊರಿನ ಶಾಲೆಯಲ್ಲಿ ವಯಸ್ಸು ನೋಡಿ ನಾಲ್ಕನೆಯದಕ್ಕೋ ಐದನೆಯದಕ್ಕೋ ಸೇರಿಸುತ್ತಾರೆ. ಅಲ್ಲಿ ಆ ಹುಡುಗಿಗೆ ಅ ಆ ಇ ಈ ಬರುವುದಿಲ್ಲ, ಹಿಂದಿನ ಬೆಂಚಿಗೆ ಹೋಗುತ್ತಾಳೆ, ಎರಡು ವರ್ಷದಲ್ಲಿ ಶಾಲೆಯನ್ನೇ ಬಿಡುತ್ತಾಳೆ. "ಅಕ್ಕಾರ, ನಾ ಅಂತೂ ಕಲೀಲಿಲ್ರಿ, ಇಕಿಗೆ ಬಸ್ಸಿನ ಬೋರ್ಡರೆ ಓದಾಕ ಬರೂ ಹಂಗ ಮಾಡ್ರಿ" ಎಂದು ಒಬ್ಬ ಅಪ್ಪ ನನ್ನ ಹತ್ತಿರ ಮಗಳನ್ನು ತಂದು ಬಿಟ್ಟಿದ್ದಾನೆ. ಆ ಹುಡುಗಿಯನ್ನು ಹೊರನಾಡ ಕನ್ನಡಿಗಳು ಎಂದು ಕರೆದು ಕೈತೊಳೆದುಕೊಳ್ಳಬೇಡಿ ಸ್ವಾಮಿ. ನಿಮ್ಮದೇ ತಾಲೂಕಿನವಳು, ನಾಳೆ ನಿಮ್ಮದೇ ಶಾಲೆಯಲ್ಲಿ ಕೂರುವವಳು.

ಈಗ ನೀವು ಕಳಿಸಿದ ಲಿಂಕಿಗೆ ಬರೋಣ. ಯೂಟ್ಯೂಬಿನಲ್ಲಿ ಕನ್ನಡ ಅಕ್ಷರಮಾಲೆ ಎಂದು ಹುಡುಕಿದರೆ ರಾಶಿ ರಾಶಿ ಬರುತ್ತವೆ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಒಂದು ರಾಶಿ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಇನ್ನೊಂದು. ಕೂತು ನೋಡಿ. ಒಂದರಲ್ಲಿ ಹಿನ್ನೆಲೆಯ ಡೋಲಿನ ಸದ್ದಿನಲ್ಲಿ ಅಕ್ಷರವೇ ಕೇಳುವುದಿಲ್ಲ. ಇನ್ನೊಂದು "ಅ ಫಾರ್ ಅರಸ" ಎಂದು ಇಂಗ್ಲಿಷಿನ ಅಚ್ಚಿನಲ್ಲಿ ಹೊಯ್ದದ್ದು. ಮತ್ತೊಂದರಲ್ಲಿ ಅಕ್ಷರ ತೆರೆಯ ಮೇಲೆ ಮೂಡಿ ಮಾಯವಾಗುವ ವೇಗಕ್ಕೆ ನನಗೇ ತಲೆ ತಿರುಗುತ್ತದೆ, ಏಳು ವರ್ಷದ ಮಗು ಅದನ್ನು ಬರೆಯುವುದೆಂತು? ಹತ್ತು ನಿಮಿಷದ ವಿಡಿಯೋದಲ್ಲಿ ನನಗೆ ಉಪಯೋಗಕ್ಕೆ ಬರುವುದು ಒಂದೂವರೆ ನಿಮಿಷ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯಕ್ಕಂತೂ ಎಷ್ಟು ಕಾರ್ಟೂನುಗಳಿವೆಯೋ. ಪದಗಳನ್ನು ಬಿಡಿಬಿಡಿಯಾಗಿ ಹೇಳಿದ, ಮಗು ಜೊತೆಗೆ ಹೇಳಲು ಜಾಗ ಬಿಟ್ಟ ಒಂದನ್ನು ಹೆಕ್ಕಲು ನನಗೆ ಒಂದು ಸಂಜೆ ಹಿಡಿಯಿತು.

ಒಳ್ಳೆಯದು ಕೆಟ್ಟದ್ದು ಎಂದು ಜರಡಿ ಹಿಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ತೊಡಕು ಆಮೇಲಿನದು. ನಮ್ಮ ಮಕ್ಕಳು ಮೊದಲು ಕಲಿಯುವ ಭಾರತೀಯ ಲಿಪಿ ದೇವನಾಗರಿ. ಇಲ್ಲಿನ ಶಾಲೆಗಳಲ್ಲಿ ಕಲಿಸುವ ಆ ವರ್ಣಮಾಲೆಯಲ್ಲಿ ಎ-ಏ ಎಂದು ಎರಡಿಲ್ಲ, ಒ-ಓ ಎಂದು ಎರಡಿಲ್ಲ, ಒಂದೊಂದೇ. ಹಾಗಾಗಿ ನಮ್ಮ ಮಗು 'ಎಲೆ'ಯನ್ನು 'ಏಲೇ' ಎನ್ನುತ್ತದೆ, 'ಒಂದು' ಅನ್ನುವುದು 'ಓಂದು' ಆಗುತ್ತದೆ. ತುಮಕೂರಿನ ಮಗುವಿಗೆ ಈ ತೊಂದರೆ ಬರುವುದೇ ಇಲ್ಲ. ಆದ್ದರಿಂದ ತುಮಕೂರಿನ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿಡಿಯೋ ಎ-ಏಗಳನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ. ನನಗೆ ಅಲ್ಲೇ ಎರಡು ವಾರ ನಿಲ್ಲಬೇಕು. ಒತ್ತಕ್ಷರದ ಕಥೆಯೂ ಹೀಗೇ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರವನ್ನು ಅರ್ಧ ಕತ್ತರಿಸಿ ಎರಡನೆಯದನ್ನು ಪಕ್ಕಕ್ಕೆ ಅಂಟಿಸುತ್ತಾರೆ. ಕನ್ನಡದಲ್ಲಿ ಮೊದಲನೆಯದು ಪೂರ್ತಿ ನಿಲ್ಲುತ್ತದೆ, ಎರಡನೆಯದು ಕೆಳಗಿಳಿಯುತ್ತದೆ. ಮಗುವಿಗೆ ತತ್ತ್ವ ಗೊತ್ತು, ಜಾಗ ಗೊತ್ತಿಲ್ಲ. ಇದನ್ನು ಸೊನ್ನೆಯಿಂದ ಕಲಿಸುವ ವಿಡಿಯೋ ಅವನಿಗೆ ಬೇಜಾರು ತರಿಸುತ್ತದೆ.

ಹೈದರಾಬಾದಿನ ನನ್ನ ನಾದಿನಿಯ ಮಕ್ಕಳಿಗೆ ಈ ಎ-ಏ ರಗಳೆಯಿಲ್ಲ, ತೆಲುಗಿನಲ್ಲಿ ಎರಡೂ ಇವೆ. ಅವರ ಪಾಡು ಬೇರೆ. ಎರಡು ಲಿಪಿಗಳು ಅಕ್ಕತಂಗಿಯರ ಹಾಗಿರುವುದರಿಂದ ತಲಕಟ್ಟನ್ನು ಒಂದರದ್ದು ಇನ್ನೊಂದಕ್ಕೆ ಹಾಕುತ್ತಾರೆ. ಚೆನ್ನೈಯ ಮಗುವಿಗೆ ಎ-ಏ ಸಲೀಸು, ಆದರೆ ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರವಾದ್ದರಿಂದ ಅಲ್ಲಿ ಎಡವುತ್ತದೆ. ದೆಹಲಿಯ ಮಗುವಿಗೆ 'ಳ' ಹೊಸದು, ಮುಂಬಯಿಯ ಮಗುವಿಗೆ ಅದು ಮರಾಠಿಯ ದೆಸೆಯಿಂದ ಪುಕ್ಕಟೆ ಸಿಕ್ಕಿದೆ. ಅಂದ ಮೇಲೆ 'ಹೊರನಾಡ ಮಕ್ಕಳಿಗೆ ಕನ್ನಡ' ಎಂದು ಎಲ್ಲರಿಗೂ ಒಂದೇ ಪೊಟ್ಟಣ ಕಟ್ಟಿ ಕಳಿಸುವವರು ಯಾವ ಮಗುವನ್ನೂ ನೋಡಿಲ್ಲ ಎಂದೇ ಅರ್ಥ. ಯೂಟ್ಯೂಬಿನ ಯಂತ್ರಕ್ಕೂ ಇದು ತಿಳಿಯದು. ಹಿಂದಿನ ಮಗು ಯಾವುದನ್ನು ಒತ್ತಿತು ಎಂಬುದಷ್ಟೇ ಅದಕ್ಕೆ ಗೊತ್ತು.

ಇದಕ್ಕೆ ನಾನು ಬಳಸುವುದು ಪ್ಯಾಡ್ಲೆಟ್ ಎಂಬ ಒಂದು ಚಿತ್ರದ ಬೋರ್ಡು. ಪಿಂಟರೆಸ್ಟ್, ವೇಕ್‌ಲೆಟ್ ಎಂದು ಇದರ ಬಳಗ ದೊಡ್ಡದಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಡಿಗೆ ಮನೆಯ ಗೋಡೆಗೆ ಹಲಗೆ ಹೊಡೆದು ಡಬ್ಬಿ ಜೋಡಿಸಿದ ಹಾಗೆ. ಒಂದೊಂದು ವಿಡಿಯೋದ ಲಿಂಕಿಗೆ ಒಂದೊಂದು ಕಾರ್ಡು, ಕಾರ್ಡಿನ ಮೇಲೆ ವಿಡಿಯೋದ ಮುಖಚಿತ್ರ, ಕೆಳಗೆ ನಾವು ಬರೆಯುವ ನಾಲ್ಕು ಸಾಲು. ಕಾರ್ಡುಗಳನ್ನು ಸಾಲುಸಾಲಾಗಿ ನಿಲ್ಲಿಸಬಹುದು, ಹಿಂದೆ ಮುಂದೆ ಸರಿಸಬಹುದು. ನನ್ನ ಮೊದಲ ಸಾಲು ಎ-ಏ, ಎರಡನೆಯದು ಒ-ಓ, ಮೂರನೆಯದು ಒತ್ತು. ಅ ಆ ಇ ಈ ಬರುವುದು ಆಮೇಲೆ. ಕೆಲಸಗಾರರ ಮಕ್ಕಳಿಗೆ ಬೇರೆಯೇ ಬೋರ್ಡು. ಅವರಿಗೆ ಪದ ಕಲಿಸಬೇಕಿಲ್ಲ, ಬಾಯಲ್ಲಿರುವ ಪದದ ಮುಖ ತೋರಿಸಬೇಕು.

ಚಿತ್ರ ಯಾಕೆ ಎಂದು ಕೇಳುತ್ತೀರಿ. ಓದಲು ಬಾರದ ಮಗುವಿಗೆ ಲಿಂಕುಗಳ ಪಟ್ಟಿ ಕೊಟ್ಟರೆ ಅದು ಕುರುಡನಿಗೆ ಕೊಟ್ಟ ಕನ್ನಡಿ. ಚಿತ್ರವಿದ್ದರೆ ಅದು ತಾನೇ ಹುಡುಕಿಕೊಂಡು ಒತ್ತುತ್ತದೆ, ಅಮ್ಮನ ಫೋನು ಕೈಗೆ ಸಿಕ್ಕ ಹದಿನೈದು ನಿಮಿಷದಲ್ಲಿ ಅಮ್ಮನನ್ನು ಕೇಳದೆ ಕಲಿಯುತ್ತದೆ. ಆದರೆ ಈ ಚಿತ್ರವನ್ನು ನಂಬಿ ಕೂರುವಂತಿಲ್ಲ. ಮುಖಚಿತ್ರದಲ್ಲಿ ಆನೆ, ಒಳಗೆ ಆನೆಯ ಸುಳಿವೇ ಇಲ್ಲ ಎಂಬುದು ಅಲ್ಲಿ ಮಾಮೂಲು. ಅದೂ ಅಲ್ಲದೆ ಚಿತ್ರ ನೋಡಿ ಒತ್ತುವುದೇ ಅಭ್ಯಾಸವಾದರೆ ಅಕ್ಷರ ಯಾರಿಗೆ ಬೇಕು? ಆದ್ದರಿಂದ ಪ್ರತಿ ಕಾರ್ಡಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಒಂದು ಕನ್ನಡ ಪದ ಬರೆಯುತ್ತೇನೆ: ಎಮ್ಮೆ, ಏಣಿ, ಒನಕೆ, ಓಲೆ. ತಿಂಗಳು ಕಳೆದ ಮೇಲೆ ಅವೇ ವಿಡಿಯೋಗಳಿಗೆ ಚಿತ್ರವಿಲ್ಲದ ಇನ್ನೊಂದು ಸಾಲು ಮಾಡುತ್ತೇನೆ, ಬರೀ ಪದ. ಹಾಡು ಬೇಕಾದರೆ ಓದಲೇಬೇಕು. ಮೊದಲ ವಾರ ಗಲಾಟೆ, ಅಳು. ಮೂರನೆಯ ವಾರಕ್ಕೆ ಓದುತ್ತವೆ. ಪದದ ಕೆಳಗೆ ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ನೋಡಬೇಕು ಎಂಬ ಸೂಚನೆ, ಒಂದು ಪ್ರಶ್ನೆ. 'ಒನಕೆ ಮನೆಯಲ್ಲಿತ್ತೇ ಎಂದು ಅಜ್ಜಿಗೆ ಫೋನು ಮಾಡಿ ಕೇಳು.' ಇಷ್ಟೇ. ಈ ನಾಲ್ಕು ಸಾಲು ಇಲ್ಲದ ಬೋರ್ಡು ಗುಜರಿ ಅಂಗಡಿ, ಅದಕ್ಕೂ ನಿಮ್ಮ ವಾಟ್ಸಾಪಿಗೂ ವ್ಯತ್ಯಾಸವಿಲ್ಲ.

ಯೂಟ್ಯೂಬಿನಲ್ಲೇ ಪ್ಲೇಲಿಸ್ಟ್ ಮಾಡಬಹುದಲ್ಲ, ಬೇರೆ ಬೋರ್ಡು ಯಾಕೆ ಎಂದು ಬಲ್ಲವರು ಕೇಳುತ್ತಾರೆ. ಮಾಡುತ್ತಿದ್ದೆವು. ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಕೂಡಿಸಿದ ದೂರಿನ ಮೇಲೆ 2019ರ ಸೆಪ್ಟೆಂಬರಿನಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಅಮೆರಿಕದಲ್ಲಿ 17 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದವು. ಅದರ ಬೆನ್ನಿಗೆ 2020ರ ಜನವರಿಯಲ್ಲಿ ಹೊಸ ನಿಯಮ ಬಂತು. 'ಮಕ್ಕಳಿಗಾಗಿ' ಎಂದು ಗುರುತು ಮಾಡಿದ ವಿಡಿಯೋಗಳ ಕೆಳಗೆ ಪ್ರತಿಕ್ರಿಯೆ ಬರೆಯುವಂತಿಲ್ಲ, ಅವನ್ನು ಪಟ್ಟಿಗೆ ಸೇರಿಸಿ ಇಡುವಂತಿಲ್ಲ. ಮಕ್ಕಳ ರಕ್ಷಣೆಗೆ ಬಂದ ನಿಯಮ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಮಕ್ಕಳ ವಿಡಿಯೋಗಳನ್ನೇ ಆಯ್ದು ಇಡಬೇಕಾದ ಮೇಷ್ಟ್ರ ಕೈಯಿಂದ ಬುಟ್ಟಿ ಜಾರಿತು. ಅದೇ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಬುಟ್ಟಿ ಬೇಕಾದದ್ದು ಆಗಲೇ.

ಪಿಂಟರೆಸ್ಟ್ ನೋಡಲು ಚಂದ, ನಮ್ಮ ಕೆಲಸಕ್ಕೆ ಅಲ್ಲ. ಕನ್ನಡ ಅಕ್ಷರಕ್ಕೆ ಹೋದವರಿಗೆ ಅದು ಪಕ್ಕದಲ್ಲೇ ರಂಗೋಲಿ ತೋರಿಸಿ, ಮೆಹಂದಿ ತೋರಿಸಿ, ಕೊನೆಗೆ ರವಿಕೆಯ ಡಿಸೈನಿಗೆ ಕರೆದುಕೊಂಡು ಹೋಗಿ ಬಿಡುತ್ತದೆ. ಪ್ಯಾಡ್ಲೆಟ್ ಕೂಡ ಧರ್ಮಛತ್ರವಲ್ಲ. 2018ರಲ್ಲಿ ಪುಕ್ಕಟೆ ಖಾತೆಗೆ ಮೂರೇ ಬೋರ್ಡು ಎಂದು ಮಿತಿ ಹಾಕಿತು, ದೇಶದೇಶದ ಮೇಷ್ಟ್ರುಗಳು ಬೊಬ್ಬೆ ಹೊಡೆದರು. ಅದೇ ವರ್ಷ ಮೇಯಲ್ಲಿ ಸ್ಟೋರಿಫೈ ಬಾಗಿಲು ಹಾಕಿತು. ಗೂಗಲಿನ ಜಾಮ್‌ಬೋರ್ಡ್ 2024ರ ಕೊನೆಗೆ ಹೋಯಿತು. ಓದಲು ಎತ್ತಿಡುವ ಪಾಕೆಟ್ 2025ರ ಜುಲೈಯಲ್ಲಿ ಮುಚ್ಚಿತು. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಾಗ ಮುಂಬಯಿಯವರಿಗೆ ಇರುವ ಎಚ್ಚರ ಇಲ್ಲಿಯೂ ಬೇಕು. ನನ್ನ ಪೂರ್ತಿ ಪಟ್ಟಿ ಒಂದು ಉದ್ದ ನೋಟುಬುಕ್ಕಿನಲ್ಲೂ ಇದೆ: ಪದ, ವಿಡಿಯೋದ ಹೆಸರು, ನಿಮಿಷ, ಯಾವ ಮಗುವಿಗೆ ಹಿಡಿಸಿತು, ಯಾವುದಕ್ಕೆ ಇಲ್ಲ. ಬ್ಯಾಂಕಿನ ಲೆಡ್ಜರಿನ ಅಭ್ಯಾಸ, ಹೋಗುವುದಿಲ್ಲ.

ಈಗ ಜಗಳಕ್ಕೆ ಬರುತ್ತೇನೆ.

ಕರ್ನಾಟಕದಲ್ಲಿ ಸಾಮಗ್ರಿ ಇಲ್ಲವೆಂದು ನಾನು ಹೇಳಲಾರೆ. ಕೇಂದ್ರ ಸರಕಾರದ 'ದೀಕ್ಷಾ' 2017ರಲ್ಲಿ ಬಂತು, ನಮ್ಮ ಪಠ್ಯಪುಸ್ತಕಗಳಿಗೂ ಕ್ಯೂಆರ್ ಕೋಡ್ ಅಂಟಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಶಿಕ್ಷಣ ಇಲಾಖೆ 'ಮಕ್ಕಳ ವಾಣಿ' ಎಂಬ ಚಾನೆಲ್ ತೆರೆಯಿತು, ದೂರದರ್ಶನದ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು. ಅವುಗಳಲ್ಲಿ ಪಾಠ ಮಾಡಿದ ಕೆಲವು ಟೀಚರುಗಳ ಕನ್ನಡ ಕೇಳಿದರೆ ಎದ್ದು ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ಅವೆಲ್ಲ ಇರುವುದು ತರಗತಿ, ಪಾಠದ ಸಂಖ್ಯೆಯ ಲೆಕ್ಕದಲ್ಲಿ. ಐದನೆಯ ತರಗತಿಯ ವಯಸ್ಸಿನ, ಒಂದನೆಯ ತರಗತಿಯ ಅಕ್ಷರದ, ಮೂರನೆಯ ತರಗತಿಯ ಮಾತಿನ ಒಂದು ಹುಡುಗಿ ಆ ಬೀರುವಿನಲ್ಲಿ ಯಾವ ಖಾನೆ ತೆರೆಯಬೇಕು? ಬೀರು ಮಾಡಿದವರು ಅವಳನ್ನು ಕಂಡಿರಲಿಲ್ಲ. ಈಗ ಕಾಣಬಹುದಲ್ಲ. ಹೊಸ ವಿಡಿಯೋ ಒಂದನ್ನೂ ಮಾಡುವುದು ಬೇಡ, ಇರುವುದಕ್ಕೆ ಇನ್ನೊಂದು ಪಟ್ಟಿ ಮಾಡಿ ಎಂದರೆ ಯಾರಿಗೂ ಹುರುಪು ಬರುವುದಿಲ್ಲ.

ಊರಿನ ಕಡೆಯ ಒಂದು ದೊಡ್ಡ ಸಂಸ್ಥೆ ನಮ್ಮಂಥ ನಾಲ್ಕು ಮಂದಿಯನ್ನು ಕರೆಸಿ ಸನ್ಮಾನ ಮಾಡಿತು. ಶಾಲು, ಹಾರ, ಫಲಪುಷ್ಪ, ಎತ್ತಲು ಇಬ್ಬರು ಬೇಕಾಗುವ ಸ್ಮರಣಿಕೆ. ಮಾತಾಡಲು ಐದು ನಿಮಿಷ ಕೊಟ್ಟರು. ನನಗೆ ಶಾಲು ಬೇಡ, ನಿಮ್ಮ ಹತ್ತು ಮಂದಿ ಟೀಚರುಗಳನ್ನು ಎರಡು ಶನಿವಾರ ಕೂರಿಸಿ, ಇರುವ ವಿಡಿಯೋಗಳನ್ನು ತೊಡಕಿನ ಪ್ರಕಾರ ವಿಂಗಡಿಸಿ, ನಿಮಿಷ ಗುರುತು ಹಾಕಿ ಕೊಡಿ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಊಟದ ಹೊತ್ತಿಗೆ ಅಧ್ಯಕ್ಷರು ಹತ್ತಿರ ಬಂದು, "ಮೇಡಂ, ಒಂದು ಆ್ಯಪ್ ಮಾಡಿಸಿಯೇ ಬಿಡುವಾ, ಮಂತ್ರಿಗಳ ಕೈಯಲ್ಲಿ ಲೋಕಾರ್ಪಣೆ" ಎಂದರು. ಆ್ಯಪಿಗೆ ಲೋಕಾರ್ಪಣೆ ಉಂಟು, ಫೋಟೋ ಉಂಟು, ಟೆಂಡರೂ ಉಂಟು. ಪಟ್ಟಿಗೆ ಏನುಂಟು? ಹತ್ತು ಟೀಚರುಗಳ ಚಹಾ ತಿಂಡಿಯ ಖರ್ಚು ಮಾತ್ರ. ನಾನು ಪಟ್ಟಿಯ ವಿಷಯ ಇನ್ನೆರಡು ಸಲ ಕಾಗದ ಬರೆದು ನೆನಪಿಸಿದೆ, ಉತ್ತರವಾಗಿ ಮುಂದಿನ ವರ್ಷದ ಸಮ್ಮೇಳನದ ಕರೆಯೋಲೆ ಬಂತು.

ಈ ಕೆಲಸವನ್ನು ನೀವೇ ಮಾಡಿಕೊಳ್ಳಿ ಎನ್ನಬಹುದು. ಮಾಡುತ್ತಿದ್ದೇವೆ. ಯಾವ ಮಗುವಿಗೆ ಎಲ್ಲಿ ಎಡವುತ್ತದೆ ಎಂಬುದು ನಮಗೇ ಗೊತ್ತು, ಆ ಪಾಲು ನಮ್ಮದು. ಆದರೆ ನಾನು ಕಂಡ ವಿಡಿಯೋಗಳಿಗಿಂತ ನೂರು ಪಾಲು ನಿಮ್ಮ ಶಾಲೆಯ ಟೀಚರು ಕಂಡಿದ್ದಾರೆ. ಧಾರವಾಡದ ಟೀಚರಿಗೆ ಯಾದಗಿರಿಯ ಹುಡುಗಿಯ ಮಾತಿನ ಧಾಟಿ ಹಿಡಿಸುತ್ತದೆ, ಕರಾವಳಿಯವಳಾದ ನನಗೆ ಅದು ಅಂದಾಜು. ಒಂದು ಕಾಲದಲ್ಲಿ ಇಲ್ಲಿ ಕೋಟೆ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ಹೊಟೇಲು ಹುಡುಗರು ತಟ್ಟೆ ಲೋಟ ತೊಳೆದು ಬಂದು ಕಲಿತರು. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಹೋದದ್ದು ನಿಮಗೂ ಗೊತ್ತಿರುವ ಸುದ್ದಿ. ಆ ಶಾಲೆಗಳಿದ್ದಾಗ ಆರಿಸಿ ಕೊಡುವ ಮೇಷ್ಟ್ರು ಎದುರಿಗೇ ಇದ್ದರು. ಈಗ ಬಹಳಷ್ಟು ಮಕ್ಕಳಿಗೆ ಇರುವುದು ಒಂದು ಫೋನು, ಅದೂ ಸಂಜೆ ಅಪ್ಪ ಕೆಲಸದಿಂದ ಬಂದ ಮೇಲೆ.

"ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಳ್ಳಬೇಕು, ನೀವು ಇನ್ನಷ್ಟು ತೋರಿಸುತ್ತೀರಲ್ಲ" ಎಂದು ಒಬ್ಬರು ಹಿರಿಯರು ಗದರಿದರು. ಅವರು ಗದರುವ ಹೊತ್ತಿಗೆ ಅವರ ಮೊಮ್ಮಗ ಪಕ್ಕದ ಕೋಣೆಯಲ್ಲಿ ಏನು ನೋಡುತ್ತಿದ್ದ ಎಂದು ನಾನು ಕೇಳಲಿಲ್ಲ. ನನ್ನ ಬೋರ್ಡಿನಲ್ಲಿ ವಾರಕ್ಕೆ ಮೂರು ಕಾರ್ಡು, ಒಂದೊಂದು ಎರಡು ನಿಮಿಷದ್ದು. ಆರಿಸಿ ಕೊಟ್ಟದ್ದಕ್ಕೆ ಕೊನೆ ಇರುತ್ತದೆ, ಯಂತ್ರ ಒಂದರ ಹಿಂದೊಂದು ಕೊಡುವುದಕ್ಕೆ ಇರುವುದಿಲ್ಲ. ಇನ್ನು ಕೆಲವರು ವಿಡಿಯೋ ಇಳಿಸಿಕೊಂಡು ಗುಂಪಿಗೆ ಹಂಚುವುದೇ ಸುಲಭವೆನ್ನುತ್ತಾರೆ. ಹಾಗೆ ಇಳಿಸಿ ಹಂಚಿದರೆ ಮಾಡಿದವನ ಹೆಸರೂ ಇಲ್ಲ, ಅವನಿಗೆ ನೋಡುಗರ ಲೆಕ್ಕವೂ ಇಲ್ಲ. ಬೋರ್ಡಿನ ಕಾರ್ಡು ಅವನ ಅಂಗಡಿಗೇ ದಾರಿ ತೋರಿಸುತ್ತದೆ. ಕೃತಕ ಬುದ್ಧಿಮತ್ತೆಯನ್ನು ಕೇಳಿ, ಕ್ಷಣದಲ್ಲಿ ಪಟ್ಟಿ ಕೊಡುತ್ತದೆ ಎಂದರು ನನ್ನ ಅಳಿಯ. ಕೇಳಿದೆ. ಕೊಟ್ಟಿತು, ಬಹಳ ವಿನಯದಿಂದ ಕೊಟ್ಟಿತು. ಅದರಲ್ಲಿ ಕೆಲವು ಲಿಂಕುಗಳು ತೆರೆಯಲಿಲ್ಲ, ಒಂದು ತೆಲುಗಿನದಾಗಿತ್ತು.

ಅರ್ಕಾವತ್ತಿನ ಸಾಲಿನಲ್ಲಿ ನನ್ನಲ್ಲಿ ಇನ್ನೂ ಒಂದೇ ಕಾರ್ಡಿದೆ, ಅದೂ ಅರೆಬರೆ. ದೇವನಾಗರಿಯಲ್ಲಿ ಆ ಅರ್ಧ 'ರ' ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ, ನಮ್ಮಲ್ಲಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. 'ಸೂರ್ಯ' ಬರೆಯುವಾಗ ನಮ್ಮ ಮಕ್ಕಳ ಕೈ ಮೇಲಕ್ಕೇ ಹೋಗುತ್ತದೆ. ಇದನ್ನು ನಿಧಾನವಾಗಿ, ಕೈಬರಹದಲ್ಲಿ, ಡೋಲು ಬಾರಿಸದೆ ತೋರಿಸುವ ಎರಡು ನಿಮಿಷದ ವಿಡಿಯೋ ನಿಮ್ಮ ಶಾಲೆಯ ಯಾವುದಾದರೂ ಟೀಚರು ಕಂಡಿದ್ದರೆ ಲಿಂಕು ಕಳಿಸಿ. ಎಷ್ಟನೆಯ ನಿಮಿಷ ಎಂದು ಬರೆದು ಕಳಿಸಿ.